ಗ್ರೇವಿ ಅಂತ ಕೇಳಿದ್ದು

ಡೆರಿಕ್ ಮಥಾಯಸನ ಮೈಮೇಲೆ ವೆಬ್‌ಸೈಟುಗಳಿಂದಾದ ಗಾಯಗಳು ಮೂರು. ಕಂಪ್ಯೂಟರಿನ ಮುಂದೆ ಕೂತು ಬದುಕುವ ನಮ್ಮಂಥವರಿಗೆ ಹೆಚ್ಚೆಂದರೆ ಬೆನ್ನುನೋವು ಬರುತ್ತದೆ, ಕಣ್ಣುರಿ ಬರುತ್ತದೆ, ಹೊಟ್ಟೆ ಮುಂದೆ ಬರುತ್ತದೆ. ಇವನಿಗೆ ಹೊಲಿಗೆ ಬಿತ್ತು.

ಮೊದಲನೆಯದು ಬಲ ಮೊಣಕೈಯದ್ದು. ಉಡುಪಿಯ ಒಂದು ಹೋಟೆಲಿನವರು ತಮ್ಮ ತಿಂಡಿಗಳ ಪಟ್ಟಿಯನ್ನು ಒಂದೇ ದೊಡ್ಡ ಬಣ್ಣದ ಚಿತ್ರ ಮಾಡಿ ವೆಬ್‌ಸೈಟಿಗೆ ಅಂಟಿಸಿದ್ದರು. ಡೆರಿಕ್ ಕ್ಯಾಶ್ ಕೌಂಟರಿನ ಮುಂದೆ ನಿಂತು, "ಕಣ್ಣು ಕಾಣದವನು ಇದರಲ್ಲಿ ಎಂತ ಓದಬೇಕು?" ಎಂದು ಕೇಳಿದ.

"ಕಾಣದವನು ಬಂದು ಕೂರಲಿ ಮಾರಾಯ್ರೆ, ಸಪ್ಲೈಯರ್ ಹೇಳ್ತಾನೆ," ಎಂದರು ಮಾಲೀಕರು.

"ಹಾಗಾದರೆ ನಿಮಗೆ ವೆಬ್‌ಸೈಟು ಯಾಕೆ? ಸಪ್ಲೈಯರನ್ನೇ ಮನೆಮನೆಗೆ ಕಳಿಸಿ!"

ಮಾತು ಬೆಳೆದು ಸ್ಟೀಲಿನ ಲೋಟ ಹಾರಿತು. ತಪ್ಪಿಸಿಕೊಳ್ಳಲು ಹಿಂದೆ ಸರಿದ ಡೆರಿಕ್ ಹಿಟ್ಟು ರುಬ್ಬುವ ಕಲ್ಲಿನ ಮೇಲೆ ಬಿದ್ದ. ಎರಡನೆಯದು ಎಡ ಹುಬ್ಬಿನ ಮೇಲಿನದು. ಮಣಿಪಾಲದ ಟ್ರೆವರ್ ಎಂಬ ಡಿಸೈನರ್ ಬಿಳಿ ಹಿನ್ನೆಲೆಯ ಮೇಲೆ ಬೂದಿಬಣ್ಣದ ಅಕ್ಷರ ಕೂರಿಸಿ, ಇದು ಸೊಬಗು ಎಂದಿದ್ದ. ಇದು ಬಸಳೆ ಸೊಪ್ಪಿಗೆ ಹಿಡಿದ ಬೂಷ್ಟು ಎಂದ ಡೆರಿಕ್ ಕೀಬೋರ್ಡು ಎತ್ತಿ ಎಸೆದ. ಟ್ರೆವರ್ ಅದನ್ನೇ ತಿರುಗಿ ಎಸೆದ. ಅವನ ಗುರಿ ಚೆನ್ನಾಗಿತ್ತು.

ಡೆರಿಕನ ವಾದ ತೀರ ಸರಳ. ಕಣ್ಣು ಕಾಣದವರು ವೆಬ್‌ಸೈಟನ್ನು ಕಿವಿಯಲ್ಲಿ ಓದುತ್ತಾರೆ. ಪರದೆಯ ಮೇಲಿದ್ದದ್ದನ್ನು ಗಟ್ಟಿಯಾಗಿ ಓದಿ ಹೇಳುವ ಸಾಫ್ಟ್‌ವೇರ್ ಉಂಟು. ಅದು ಅಕ್ಷರ ಓದುತ್ತದೆ, ಚಿತ್ರ ಓದುವುದಿಲ್ಲ. ಆದ್ದರಿಂದ ಪ್ರತಿಯೊಂದು ಚಿತ್ರದ ಬೆನ್ನಿಗೂ ಅದರಲ್ಲಿ ಏನಿದೆ ಎಂದು ಒಂದು ವಾಕ್ಯ ಬರೆದಿಡಿ. "ಹೊಗಳಬೇಡಿ, ಇದ್ದದ್ದು ಬರೆಯಿರಿ, ಮುಖ್ಯವಾದದ್ದನ್ನು ಬಿಡಬೇಡಿ" ಎಂದು ಅವನು ಹದಿನೆಂಟು ವರ್ಷಗಳಿಂದ ಕಾಪುವಿನಿಂದ ಕಾರ್ಕಳದವರೆಗೆ, ಕೇಳಿದವರಿಗೂ ಕೇಳದವರಿಗೂ ಹೇಳುತ್ತ ಬಂದಿದ್ದಾನೆ. ಜಿಲ್ಲೆಯಲ್ಲಿ ಈ ವಿಷಯ ಮೊದಲು ಎತ್ತಿದವನು ಅವನೇ. ಬಹಳ ಕಾಲ ಕೊನೆಯವನೂ ಅವನೇ ಆಗಿದ್ದ. ಹೆಂಡತಿ ಜೆನಿಟಾ ಮಣಿಪಾಲದಲ್ಲಿ ನರ್ಸ್. ಗಂಡ ಮೀಟಿಂಗಿಗೆ ಹೊರಟರೆ ಅವಳು ಕೇಳುವುದು ಒಂದೇ: "ಇವತ್ತು ನನ್ನ ಡ್ಯೂಟಿ ಎಷ್ಟು ಗಂಟೆಯ ತನಕ ಅಂತ ಗೊತ್ತುಂಟಲ್ಲ?"

ಮೂರನೆಯದು ಹಲ್ಲಿನದು. ಅದನ್ನು ಹೇಳಬೇಕಾದರೆ ಹೂವಪ್ಪನನ್ನು ಹೇಳಬೇಕು.

ಕಾಪುವಿನ ಹೂವಪ್ಪ ಮೀನುಗಾರರ ಮನೆಯಲ್ಲಿ ಹುಟ್ಟಿಯೂ ದೋಣಿ ಹತ್ತಿದರೆ ವಾಂತಿ ಮಾಡುತ್ತಿದ್ದ. ಮನೆಯವರು ಬೈದರು, ಊರವರು ನಕ್ಕರು. ಅವನು ರೋಸಿಹೋಗಿ ಕಡಲು ಕಾಣದ ಕಾರ್ಕಳಕ್ಕೆ ಹೋಗಿ ಕಲ್ಲುಕೋರೆ ಸೇರಿದ. ಎರಡು ಸಾವಿರದ ಆರರ ಒಂದು ಬೆಳಿಗ್ಗೆ, ಬಂಡೆಗೆ ತುಂಬಿದ ಮದ್ದುಗಳಲ್ಲಿ ಒಂದು ಸಿಡಿಯದೆ ಉಳಿಯಿತು. ಯಾಕೆ ಎಂದು ನೋಡಲು ಹೂವಪ್ಪ ಬಗ್ಗಿದ. ಬಂಡೆ ಪುಡಿಪುಡಿಯಾಗಿ ಅವನ ಮುಖಕ್ಕೇ ಬಂತು. ಜೆನಿಟಾ ಆ ಮುಖದಿಂದ ಕಲ್ಲಿನ ಚೂರುಗಳನ್ನು ಹೆಕ್ಕಿದ ವಾರ್ಡಿನಲ್ಲಿದ್ದಳು. ಮನೆಗೆ ಬಂದು ಅನ್ನ ಮುಟ್ಟಲಿಲ್ಲ. "ನಿನ್ನ ಊರಿನವನು. ಕಣ್ಣು ಎರಡೂ ಹೋಯಿತು. ಸುಮ್ಮನೆ ಮಲಗಿದ್ದಾನೆ. ಹೋಗಿ ಏನಾದರೂ ಮಾತಾಡು," ಎಂದಳು.

ಡೆರಿಕನಿಗೆ ಮಾತಾಡಲು ಬರುತ್ತಿದ್ದುದು ಒಂದೇ ವಿಷಯ. ಅವನು ಮಣಿಪಾಲದ ಮುದ್ರಣಾಲಯವೊಂದರಲ್ಲಿ ಅಕ್ಷರ ಜೋಡಿಸುತ್ತಿದ್ದವನು, ಆಮೇಲೆ ವೆಬ್‌ಸೈಟು ಮಾಡುವುದನ್ನು ತಾನೇ ಕಲಿತವನು. ೨೦೦೨ರಲ್ಲೇ ಕಾಪುವಿನ ನಾಡದೋಣಿ ಸಂಘಕ್ಕೆ ಕನ್ನಡದ ವೆಬ್‌ಸೈಟು ಮಾಡಿಕೊಟ್ಟು ಶಾಲು ಹೊದೆಸಿಕೊಂಡಿದ್ದ. ಈಗ ಓದಿ ಹೇಳುವ ಸಾಫ್ಟ್‌ವೇರನ್ನು ಎಲ್ಲಿಂದಲೋ ತಂದು, ಹೂವಪ್ಪನ ಮಂಚದ ಪಕ್ಕ ಕಂಪ್ಯೂಟರು ಇಟ್ಟು, ಹೆಮ್ಮೆಯಿಂದ ಆ ವೆಬ್‌ಸೈಟನ್ನೇ ತೆರೆದ.

ಯಂತ್ರ ಬಾಯಿ ತೆರೆಯಿತು: "ಪಿ, ಎ ಗ್ರೇವ್, ಕ್ಯೂ, ಎ ಗ್ರೇವ್..."

"ಇದೆಂತ ಪೊರ್ಬುಗಳೇ, ಇದಕ್ಕೂ ಮದ್ದು ಬಡಿದಿದೆಯಾ?" ಎಂದ ಹೂವಪ್ಪ. ಪೊರ್ಬು ಎಂದರೆ ತುಳುವರು ಕ್ರೈಸ್ತ ಗಂಡಸರನ್ನು ಕರೆಯುವ ಮರ್ಯಾದೆಯ ಮಾತು. ಮುಖಕ್ಕೆ ಬ್ಯಾಂಡೇಜು ಸುತ್ತಿದ್ದವನು ಹದಿನೈದು ದಿನಗಳಲ್ಲಿ ಆಡಿದ ಮೊದಲ ಮಾತೂ ಅದೇ.

ಆಗಿದ್ದದ್ದು ಇಷ್ಟು. ಆ ಕಾಲದ ಕನ್ನಡ ಅಕ್ಷರಗಳು ನಿಜವಾಗಿ ಕನ್ನಡವೇ ಅಲ್ಲ. ಒಳಗೆ ಇರುತ್ತಿದ್ದದ್ದು ಇಂಗ್ಲಿಷಿನ ಅಕ್ಷರ, ಯುರೋಪಿನ ಯಾವುಯಾವುದೋ ಭಾಷೆಯ ಚಿಹ್ನೆ. ಅವಕ್ಕೆ ಮೇಲಿನಿಂದ ಕನ್ನಡದ ವೇಷ ತೊಡಿಸುತ್ತಿದ್ದರು. ನೋಡುವವನಿಗೆ ವೇಷ ಕಾಣುತ್ತದೆ. ಯಂತ್ರ ನೋಡುವುದು ಮಾತ್ರ ಯಕ್ಷಗಾನದ ಚೌಕಿಯಲ್ಲಿ ಬಣ್ಣ ಹಚ್ಚುವ ಮೊದಲಿನ ಮನುಷ್ಯನನ್ನು. ನಮ್ಮ ಅಕ್ಷರದ ತಲೆಕಟ್ಟು ಉಂಟಲ್ಲ, ಅದರ ವೇಷದೊಳಗೆ ಕೂತವನು ಎ ಎಂಬ ಅಕ್ಷರ, ಅದರ ನೆತ್ತಿಯ ಮೇಲೊಂದು ಓರೆಗೀಟು. ಆ ಗೀಟಿನ ಹೆಸರು ಗ್ರೇವ್. ತಲೆಕಟ್ಟಿಲ್ಲದೆ ಕನ್ನಡ ಉಂಟಾ? ಹೀಗಾಗಿ ಯಂತ್ರಕ್ಕೆ ಕನ್ನಡವೆಲ್ಲ "ಎ ಗ್ರೇವ್, ಎ ಗ್ರೇವ್".

ಅಂದಿನಿಂದ ಡೆರಿಕ್ ಬೇರೆ ಮನುಷ್ಯನಾದ. ಇಡೀ ವೆಬ್‌ಸೈಟನ್ನು ಬಿಚ್ಚಿ, ಒಂದೊಂದು ಪುಟವನ್ನೂ ಯಂತ್ರ ಓದಬಲ್ಲ ನಿಜವಾದ ಕನ್ನಡಕ್ಕೆ ಬದಲಾಯಿಸಿದ. ಹೂವಪ್ಪ ಅದನ್ನು ಕೇಳಿ ಕಲಿತ. ಕೊನೆಗೆ ಸಂಘದವರು ಅವನನ್ನು ವಯರ್‌ಲೆಸ್ ಸೆಟ್ಟಿನ ಮುಂದೆ ಕೂರಿಸಿದರು. ಬೆಳಿಗ್ಗೆ ವೆಬ್‌ಸೈಟಿನ ಪ್ರಕಟಣೆ ಕೇಳುವುದು, ಕಡಲಿನಲ್ಲಿದ್ದ ದೋಣಿಗಳಿಗೆ ಹೇಳುವುದು. ದೋಣಿ ಹತ್ತಲಾಗದವನ ಮಾತಿಗೆ ದೋಣಿಗಳೆಲ್ಲ ತಿರುಗತೊಡಗಿದವು. ಆ ಕುರ್ಚಿ ಹೂವಪ್ಪನಿಗೆ ಏನಾಗಿತ್ತು ಎಂದರೆ, ಒಮ್ಮೆ ಅದರಲ್ಲಿ ಬೇರೊಬ್ಬ ಕೂತದ್ದಕ್ಕೆ ಅವನು ಕೈಗೆ ಸಿಕ್ಕ ಸ್ಟೇಪ್ಲರಿನಿಂದ ಬಡಿದಿದ್ದ.

ಹೋದ ವರ್ಷದ ಮೇ ತಿಂಗಳು. ಆಕಾಶದಲ್ಲಿ ಒಂದು ತುಂಡು ಮೋಡ ಇಲ್ಲ. ಒಂಬತ್ತು ಗಂಟೆಗೆ ಸಂಘದ ಗುಮಾಸ್ತ ಕಿಟ್ಟನಿಗೆ ಮೀನುಗಾರಿಕೆ ಇಲಾಖೆಯಿಂದ ಫೋನು ಬಂತು: ದೂರದಿಂದ ಭಾರೀ ಅಲೆ ಬರುತ್ತಿದೆ, ಕಡಲಿಗೆ ಇಳಿಯಬೇಡಿ, ಇಳಿದವರು ದಡದ ಬಂಡೆಗಳ ಹತ್ತಿರ ಬರಬೇಡಿ. ದಿನವೂ ಮೊಬೈಲಿಗೆ ಬರುತ್ತಿದ್ದ ಸಂದೇಶವನ್ನು ಎತ್ತಿ ಅಂಟಿಸುತ್ತಿದ್ದ ಕಿಟ್ಟ ಅಂದು ತಾನೇ ಟೈಪು ಮಾಡಿದ, ಕಚೇರಿಯ ಹಳೆಯ ಕೀಬೋರ್ಡಿನಲ್ಲಿ, ಹಳೆಯ ವೇಷದ ಅಕ್ಷರದಲ್ಲಿ. ಪರದೆಯ ಮೇಲೆ ಚಂದ ಕನ್ನಡ ಕಂಡಿತು. ಕಿಟ್ಟ ತೃಪ್ತಿಯಿಂದ ಬಸ್‌ಸ್ಟ್ಯಾಂಡಿನ ಕಡೆಗೆ ತಿಂಡಿಗೆ ಹೋದ.

ಹೂವಪ್ಪ ಕಿವಿಗೆ ಹೆಡ್‌ಫೋನ್ ಹಾಕಿ ಪುಟ ತೆರೆದ. "ಪಿ, ಎ ಗ್ರೇವ್, ಕ್ಯೂ, ಎ ಗ್ರೇವ್, ಡಿಗ್ರಿ..." ಅವನು ಕಿಟ್ಟನಿಗೆ ಫೋನು ಮಾಡಿದ.

"ಇದೆಂತ ಮಾರಾಯ, ಗ್ರೇವ್ ಗ್ರೇವ್ ಅಂತ ಹೇಳ್ತಾ ಉಂಟು?"

ಕಿಟ್ಟನ ಬಾಯಲ್ಲಿ ಬನ್ಸ್ ಇತ್ತು. ಸಂಘದ ಪುಟದಲ್ಲಿ ಕಾಪುವಿನ ಒಂದು ಹೋಟೆಲಿನ ಸಿಗಡಿ ಗ್ರೇವಿಯ ಜಾಹೀರಾತೂ ಇತ್ತು. ಅದರ ಚಿತ್ರದ ಬೆನ್ನಿಗೆ 'ಸಿಗಡಿ ಗ್ರೇವಿ, ಬಾಳೆಲೆಯ ಮೇಲೆ' ಎಂದು ಬರೆಸಿದ್ದವನು ಡೆರಿಕನೇ.

"ಅದು ಗ್ರೇವಿ ಮಾರಾಯ, ಹೋಟೆಲಿನವರದ್ದು! ನನ್ನದು ಅದರ ಕೆಳಗೆ ಉಂಟು ನೋಡು."

ಹೂವಪ್ಪ ಕೆಳಗೆ ಹೋದ. ಅಲ್ಲಿ ನಿನ್ನೆಯ ಪ್ರಕಟಣೆ ಇತ್ತು, ತಾರೀಕಿಲ್ಲದೆ, ಮೊಬೈಲಿನಿಂದ ಎತ್ತಿ ಅಂಟಿಸಿದ್ದು, ನಿಜವಾದ ಕನ್ನಡದಲ್ಲಿ. ಯಂತ್ರ ಸ್ಪಷ್ಟವಾಗಿ ಹೇಳಿತು: "ಸಮುದ್ರ ಶಾಂತವಾಗಿದೆ."

ಹತ್ತು ಗಂಟೆಗೆ ವಯರ್‌ಲೆಸ್ಸಿನಲ್ಲಿ ರೋಶನ್ ಮಾತಾಡಿದ. ತಮ್ಮ ಲಕ್ಷಿತ್ ಮತ್ತು ಇನ್ನಿಬ್ಬರ ಜೊತೆ ಮುಂಜಾನೆ ಹೋಗಿದ್ದವನು. "ಹೂವಪ್ಪಣ್ಣ, ಅಲೆ ಸ್ವಲ್ಪ ದೊಡ್ಡದು ಕಾಣ್ತದೆ. ಬಂಡೆ ಬದಿಯಿಂದ ಬರಬಹುದಾ?"

"ಶಾಂತ ಅಂತ ಉಂಟು. ಬನ್ನಿ."

ದೀಪಸ್ತಂಭದ ಬುಡದ ಬಂಡೆಗೆ ಕೂಗಳತೆಯಲ್ಲಿ ಮೊದಲ ಅಲೆ ದೋಣಿಯನ್ನು ಬೆನ್ನಿನಿಂದ ಎತ್ತಿತು. ಎರಡನೆಯದು ಅಡ್ಡಕ್ಕೆ ತಿರುಗಿಸಿತು. ಮೂರನೆಯದು, ಒಗೆಯುವ ಕಲ್ಲಿಗೆ ಬಟ್ಟೆ ಬಡಿದ ಹಾಗೆ, ಬಂಡೆಗೆ ಬಡಿಯಿತು. ಹಲಗೆ ಸೀಳಿತು. ಎಂಜಿನ್ ಕಿತ್ತು ಹಾರಿ ಒಬ್ಬನ ಪಕ್ಕೆಗೆ ಬಡಿಯಿತು. ದೋಣಿಗೂ ಬಂಡೆಗೂ ನಡುವೆ ಸಿಕ್ಕಿದ ಲಕ್ಷಿತನ ಬಲಗಾಲು ಮೊಣಕಾಲಿನ ಕೆಳಗೆ ಎರಡು ಕಡೆ ಮುರಿಯಿತು. ರೋಶನ್ ತಮ್ಮನ ಕೂದಲು ಹಿಡಿದು, ಚಿಪ್ಪು ಮೆತ್ತಿದ ಬಂಡೆಯ ಮೇಲೆ ಎದೆ ಹೊಟ್ಟೆ ತರಚಿಕೊಂಡು, ಮೇಲಕ್ಕೆ ಎಳೆದ. ನಾಲ್ವರೂ ಬದುಕಿದರು. ಹೇಗೆಂದು ಕಡಲಿಗೂ ಗೊತ್ತಿಲ್ಲ.

ತಮ್ಮನನ್ನು ಆಂಬ್ಯುಲೆನ್ಸಿಗೆ ಹಾಕಿದ ರೋಶನ್ ಆಸ್ಪತ್ರೆಗೆ ಹೋಗಲಿಲ್ಲ. ಮುರಿದ ದೋಣಿಯಿಂದ ದಡಕ್ಕೆ ಬಂದು ಬಿದ್ದಿದ್ದ ಹುಟ್ಟನ್ನು ಎತ್ತಿಕೊಂಡು ನೇರ ಸಂಘದ ಕಚೇರಿಗೆ ನಡೆದ. ಅಂಗಿ ಇಲ್ಲ. ಎದೆಯಿಂದ ಸೊಂಟದ ತನಕ ರಕ್ತ.

"ಶಾಂತವಾ? ಶಾಂತವಾ, ಕುರುಡ?"

ಮೊದಲ ಏಟಿಗೆ ವಯರ್‌ಲೆಸ್ ಸೆಟ್ಟು ಎರಡು ತುಂಡಾಯಿತು. ಎರಡನೆಯದು ಹೂವಪ್ಪನ ಎಡ ಭುಜಕ್ಕೆ ಬಿತ್ತು. ಮೂಳೆ ಮುರಿದ ಸದ್ದು ಹೊರಗೆ ನಿಂತವರಿಗೂ ಕೇಳಿಸಿತಂತೆ. ಹೂವಪ್ಪ ಬಿದ್ದ, ಬಿದ್ದವನು ಕುರ್ಚಿಯ ಕಾಲು ತಬ್ಬಿಕೊಂಡ. ತಿಂಡಿ ಮುಗಿಸಿ, ಪೇಟೆ ಸುತ್ತಿ ಬಂದ ಕಿಟ್ಟ ಒಳಗೆ ಇಣುಕಿ ನೋಡಿ, ಇನ್ನೊಂದು ಚಾ ಕುಡಿಯುವುದು ಒಳ್ಳೆಯದೆಂದು ತಿರುಗಿ ಹೋದ.

ಡೆರಿಕ್ ಮಣಿಪಾಲದ ಆಸ್ಪತ್ರೆಗೆ ಓಡಿ ಬಂದಾಗ ಹೂವಪ್ಪನ ಭುಜಕ್ಕೆ ಪಟ್ಟಿ ಕಟ್ಟುತ್ತಿದ್ದರು.

"ಅದು ಗ್ರೇವಿ ಅಲ್ಲ ಪೊರ್ಬುಗಳೇ," ಎಂದ ಹೂವಪ್ಪ. "ಗ್ರೇವ್ ಅಂತಲೇ ಹೇಳಿದ್ದು. ಎ ಗ್ರೇವ್, ಎ ಗ್ರೇವ್ ಅಂತ. ನನಗೆ ಅನುಮಾನ ಇತ್ತು. ಆದರೂ ಕಣ್ಣಿದ್ದವ ಹೇಳಿದ್ದಲ್ಲವಾ ಅಂತ ನಂಬಿದೆ. ಭಾನುವಾರ ಮೀಟಿಂಗ್ ಉಂಟಂತೆ. ಕುರ್ಚಿ ತೆಗಿತಾರೆ."

ಡೆರಿಕನಿಗೆ ಆ ಸದ್ದಿನ ಗುರುತು ಸಿಕ್ಕಿತು. ಹದಿನೆಂಟು ವರ್ಷಗಳ ಹಿಂದೆ ಇದೇ ಊರಿನ ಆಸ್ಪತ್ರೆಯಲ್ಲಿ ಕೇಳಿದ ಸದ್ದು ಅದು.

ಮೊದಮೊದಲು ಅವನು ಕಿಟ್ಟನ ಮೇಲೆ ಹಾರಾಡಿದ. "ಅವನ ಕೀಬೋರ್ಡು ಅವನ ಗಂಟಲಿಗೆ ತುರುಕ್ತೇನೆ!" ಎಂದು ಅಡುಗೆಮನೆಯಲ್ಲಿ ಎರಡು ಪಿಂಗಾಣಿ ಬಸಿ ಒಡೆದ. ಆಮೇಲೆ ಶನಿವಾರ ಮಧ್ಯಾಹ್ನ, ಕಿಟ್ಟನ ತಪ್ಪನ್ನು ಸಭೆಗೆ ತೋರಿಸಲೆಂದು ವೆಬ್‌ಸೈಟಿನ ಹೊಟ್ಟೆ ಬಗೆದು ನೋಡಿದ. ಹಳೆಯ ಅಕ್ಷರದಲ್ಲಿ ಬರೆದರೆ ಪರದೆಯ ಮೇಲೆ ಕಸಕಸವಾಗಿ ಕಾಣಬೇಕಿತ್ತು. ಕಿಟ್ಟನಿಗೆ ಅಲ್ಲೇ ತಪ್ಪು ಗೊತ್ತಾಗಬೇಕಿತ್ತು. ಚಂದ ಕನ್ನಡವಾಗಿ ಕಂಡದ್ದು ಹೇಗೆ?

ಪ್ರಕಟಣೆಯ ಚೌಕದಲ್ಲಿ ಒಂದೇ ಒಂದು ಸಾಲು ಉಳಿದುಕೊಂಡಿತ್ತು. ಹಳೆಯ ಅಕ್ಷರ ಬಂದರೆ ಹಳೆಯ ವೇಷ ತೊಡಿಸು ಎಂಬ ಸಾಲು. ಎಲ್ಲ ಪುಟ ಬದಲಾಯಿಸಿದ ಮಹಾಶಯ ಅದೊಂದನ್ನು ಮರೆತಿದ್ದ. ಅದರ ಪಕ್ಕದಲ್ಲಿ ಅವನೇ ಬರೆದಿಟ್ಟ ಟಿಪ್ಪಣಿ: 'ಟೆಂಪರರಿ – ಡೆರಿಕ್, 2002'.

ಬೆರಳು ಅಳಿಸುವ ಗುಂಡಿಯ ಮೇಲೆ ಹೋಗಿ ನಿಂತಿತು. ಒಂದು ಒತ್ತು, ಅಷ್ಟೆ. ಇಪ್ಪತ್ತೆರಡು ವರ್ಷದ ಸಾಲು ಹೋಗುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಲೋಟ, ಕೀಬೋರ್ಡು, ಶಾಲು, ಹದಿನೆಂಟು ವರ್ಷಗಳ ಬೊಬ್ಬೆ ಎಲ್ಲವೂ ಉಳಿಯುತ್ತದೆ. ಹಿಂದಿನಿಂದ ಜೆನಿಟಾ ಬಂದು ನೋಡಿದಳು.

"ಎಂತ ಅದು?"

"ನನ್ನ ಹೆಸರು."

ಅವಳಿಗೆ ಅರ್ಥವಾಗಲು ಜಾಸ್ತಿ ಹೊತ್ತು ಬೇಕಾಗಲಿಲ್ಲ. "ಅಳಿಸಿದರೆ ಹೂವಪ್ಪನ ಕುರ್ಚಿ?"

"ಹೋಗ್ತದೆ. ಕಣ್ಣಿಗೆ ಒಂದು, ಕಿವಿಗೆ ಒಂದು ಅಂತ ತೋರಿಸಲಿಕ್ಕೆ ಆಗುವುದಿಲ್ಲ."

"ಅಳಿಸು. ಆದರೆ ಅವರ ಎದುರಿಗೆ ಅಳಿಸು."

"ಅವರು ನನ್ನನ್ನು ಕೊಲ್ತಾರೆ ಜೆನ್ನಿ."

"ಕೊಲ್ಲುವುದಿಲ್ಲ. ಹೊಡಿತಾರೆ. ನಾಳೆ ನನಗೆ ಸಂಜೆಯ ತನಕ ಡ್ಯೂಟಿ."

ಭಾನುವಾರ ಅಂಬಲಪಾಡಿ ದಾಟಿ ಹೆದ್ದಾರಿಯಲ್ಲಿ ಕಾಪುವಿಗೆ ಸ್ಕೂಟರ್ ಬಿಡುತ್ತ ಡೆರಿಕ್ ಮನಸ್ಸಿನಲ್ಲೇ ಮೂರು ಭಾಷೆಯಲ್ಲಿ ಭಾಷಣ ತಯಾರಿಸಿದ. ಸಭೆಯಲ್ಲಿ ಒಂದೂ ನೆನಪಿಗೆ ಬರಲಿಲ್ಲ. ಸಂಘದ ಹಾಲ್ ತುಂಬಿತ್ತು. ಕೈ ಜೋಲಿಯಲ್ಲಿ ಕಟ್ಟಿಕೊಂಡು ಹೂವಪ್ಪ ಮೂಲೆಯ ಬೆಂಚಿನಲ್ಲಿ ಕೂತಿದ್ದ. ಹೊಸ ವಯರ್‌ಲೆಸ್ ಸೆಟ್ಟಿನ ಮುಂದೆ ಅವನ ಕುರ್ಚಿ ಖಾಲಿ ಇತ್ತು. ಅಧ್ಯಕ್ಷರು, "ಇನ್ನು ಕಣ್ಣಿದ್ದವರನ್ನೇ ಕೂರಿಸುವ, ಅಲ್ವಾ?" ಎಂದದ್ದೇ ತಡ, ಹೌದು ಹೌದು ಎಂಬ ಸದ್ದೆದ್ದಿತು. ಎಲ್ಲಕ್ಕಿಂತ ಗಟ್ಟಿಯಾಗಿ ಕೂಗಿದವನು ಕಿಟ್ಟ.

ಡೆರಿಕ್ ಹಾಲಿನ ಸ್ಪೀಕರಿಗೆ ಲ್ಯಾಪ್‌ಟಾಪ್ ಜೋಡಿಸಿದ. ದೋಣಿ ಒಡೆದ ದಿನದ ಪ್ರಕಟಣೆಯನ್ನು ಗೋಡೆಯ ಪರದೆಯ ಮೇಲೆ ತೋರಿಸಿದ. 'ಕಡಲಿಗೆ ಇಳಿಯಬೇಡಿ' ಎಂದು ಎಲ್ಲರೂ ಓದಿದರು. ಆಮೇಲೆ ಯಂತ್ರಕ್ಕೆ ಓದಲು ಹೇಳಿದ.

"ಪಿ, ಎ ಗ್ರೇವ್, ಕ್ಯೂ, ಎ ಗ್ರೇವ್, ಡಿಗ್ರಿ, ಯು, ಇ ಅಕ್ಯೂಟ್..."

"ಹೂವಪ್ಪನಿಗೆ ಕೇಳಿದ್ದು ಇದು," ಎಂದ ಡೆರಿಕ್. "ಅವನು ಫೋನು ಮಾಡಿ ಕೇಳಿದ. ಗ್ರೇವಿ ಅಂತ ಉತ್ತರ ಸಿಕ್ಕಿತು."

"ಗ್ರೇವ್ ಅಂದ್ರೆ ಎಂತ?" ಹಿಂದಿನಿಂದ ಮೀನು ಮಾರುವ ಸರಸಕ್ಕ ಕೇಳಿದಳು.

"ಹೊಂಡ. ಹೆಣ ಹೂಳುವ ಹೊಂಡ."

ಬೆಂಚೊಂದು ಉರುಳಿತು. ರೋಶನ್ ಮೂರು ಸಾಲು ದಾಟಿ ಹೋಗಿ ಕಿಟ್ಟನ ಕುತ್ತಿಗೆ ಹಿಡಿದು ಗೋಡೆಗೆ ಒತ್ತಿದ್ದ. ಕಿಟ್ಟನ ಕಾಲು ನೆಲ ಬಿಟ್ಟಿತ್ತು, ಬಾಯಿಂದ ಗ್ರೇವಿಯೂ ಬರಲಿಲ್ಲ, ಗ್ರೇವೂ ಬರಲಿಲ್ಲ.

"ಬಿಡು ಅವನನ್ನು!" ಡೆರಿಕ್ ಕಿರುಚಿದ. "ಅವನು ಬರೆದದ್ದು ಹಳೆಯ ಅಕ್ಷರ, ನಿಜ. ಅದಕ್ಕೆ ಕನ್ನಡದ ವೇಷ ತೊಡಿಸಿ ಅವನ ಕಣ್ಣಿಗೆ ಮಣ್ಣೆರಚಿದ್ದು ನಾನು. ಆ ಸಾಲು ನನ್ನದು. ತೆಗೆಯಬೇಕಿತ್ತು, ಮರೆತೆ. ನೋಡು, ಹೆಸರು ಉಂಟು."

ಗೋಡೆಯ ಮೇಲೆ ಹೆಸರು ಇತ್ತು, ಇಸವಿಯ ಸಮೇತ.

ರೋಶನ್ ಕಿಟ್ಟನನ್ನು ಬಿಟ್ಟ. ನಿಧಾನಕ್ಕೆ ಬಂದು ಡೆರಿಕನ ಎದೆಗೆ ಅಂಗೈಯಿಂದ ಬಡಿದ. ಡೆರಿಕ್ ಕುರ್ಚಿಗಳ ಮೇಲೆ ಮಗುಚಿ ಬಿದ್ದ. ಎದ್ದ. ಹೊಟ್ಟೆಗೆ ಮತ್ತೊಂದು ಬಿತ್ತು. "ನನ್ನ ತಮ್ಮನ ಕಾಲು!" ಎನ್ನುತ್ತ ರೋಶನ್ ಮೂರನೆಯದಕ್ಕೆ ಕೈ ಎತ್ತಿದಾಗ ಮೂಲೆಯಿಂದ ಹೂವಪ್ಪ ಎದ್ದು ನಿಂತ.

"ನಿಲ್ಲು ರೋಶನ್."

ರೋಶನ್ ನಿಂತ. ವರ್ಷಗಟ್ಟಲೆ ವಯರ್‌ಲೆಸ್ಸಿನಲ್ಲಿ ಕೇಳಿದ ದನಿ, ಅಭ್ಯಾಸ. ಡೆರಿಕನಿಗೆ ಕಣ್ಣು ತುಂಬಿ ಬಂತು. ಸ್ನೇಹಿತ ಎಂದರೆ ಹೀಗಿರಬೇಕು ಎಂದುಕೊಂಡ. ಬೆಂಚುಗಳನ್ನು ತಡವುತ್ತ ಹೂವಪ್ಪ ಹತ್ತಿರ ಬಂದ.

"ಪೊರ್ಬುಗಳೇ, ಎಲ್ಲಿದ್ದೀರಿ? ಏನಾದರೂ ಮಾತಾಡಿ."

"ಇಲ್ಲಿದ್ದೇನೆ ಹೂವ..."

ದನಿ ಬಂದ ಜಾಗಕ್ಕೇ ಬಲಗೈ ಮುಷ್ಟಿ ಬಂತು. ಕೋರೆಯಲ್ಲಿ ಸುತ್ತಿಗೆ ಹಿಡಿದ ಕೈ ಅದು. ಮೇಲಿನ ಸಾಲಿನ ಹಲ್ಲೊಂದು ಹಾರಿ ಅಧ್ಯಕ್ಷರ ನೀರಿನ ಲೋಟಕ್ಕೆ ಬಿತ್ತು. ಮೂರನೆಯ ಗಾಯ ಇದೇ. ಯಾರ ಕುರ್ಚಿ ಉಳಿಸಲು ಹೋಗಿದ್ದನೋ ಅವನೇ ಕೊಟ್ಟದ್ದು.

"ಟೆಂಪರರಿ ಅಂತೆ," ಎಂದ ಹೂವಪ್ಪ, ಕೈ ಕೊಡವುತ್ತ. "ಈಗ ಅಳಿಸಿ."

ಡೆರಿಕ್ ಬಾಯಿಗೆ ಕರವಸ್ತ್ರ ಒತ್ತಿಕೊಂಡು, ರಕ್ತ ಹತ್ತಿದ ಬೆರಳಿನಿಂದಲೇ ಆ ಸಾಲನ್ನು ಅಳಿಸಿದ. ಗೋಡೆಯ ಮೇಲಿನ ಕನ್ನಡ ತಟ್ಟನೆ ಬಟ್ಟೆ ಕಳಚಿತು. ಇಂಗ್ಲಿಷಿನ ಅಕ್ಷರ, ಗೀಟು, ಚುಕ್ಕಿಗಳ ರಾಶಿ ಉಳಿಯಿತು.

"ಇದೆಂತದಾ? ಒಂದು ಅಕ್ಷರ ಓದಲಿಕ್ಕೆ ಆಗುವುದಿಲ್ಲ!" ಕಿಟ್ಟ ಕುತ್ತಿಗೆ ಉಜ್ಜಿಕೊಳ್ಳುತ್ತ ಹೇಳಿದ.

"ಹ್ಞಾಂ," ಎಂದ ಹೂವಪ್ಪ. "ಈಗ ನಿನಗೂ ನನ್ನಷ್ಟೇ ಕಾಣ್ತದೆ."

ಸರಸಕ್ಕ ಮೊದಲು ನಕ್ಕಳು. ಡೆರಿಕ್ ತೋರಿಸಿದ ಹೊಸ ಕ್ರಮದಲ್ಲಿ ಕಿಟ್ಟ ಅದನ್ನೇ ಮತ್ತೆ ಟೈಪು ಮಾಡಿದ. ಸ್ಪೀಕರು ಹಾಲಿನ ಕೊನೆಯ ತನಕ ಕೇಳುವ ಹಾಗೆ ಹೇಳಿತು: "ಕಡಲಿಗೆ ಇಳಿಯಬೇಡಿ."

ರೋಶನ್ ಯಾರ ಮುಖವನ್ನೂ ನೋಡದೆ, "ಹೂವಪ್ಪಣ್ಣನೇ ಕೂರಲಿ," ಎಂದ. "ಗ್ರೇವಿ ಅಂದದ್ದು ಕಣ್ಣಿದ್ದವ." ತಾನೇ ಮುರಿದ ಭುಜದ ಕಡೆಗೆ ಒಮ್ಮೆ ತಿರುಗಿ, ಕುರ್ಚಿಯನ್ನು ಎಳೆದು ಹೂವಪ್ಪನ ಹಿಂದೆ ಸರಿಯಾಗಿ ಇಟ್ಟ. ಹೂವಪ್ಪ ಕೂತ.

ಲಕ್ಷಿತ್ ಆರು ತಿಂಗಳು ಊರುಗೋಲಿನಲ್ಲಿ ನಡೆದ. ಈಗ ಕುಂಟುತ್ತಾನೆ, ದೋಣಿಗೂ ಹೋಗುತ್ತಾನೆ. ಡೆರಿಕ್ ಹಲ್ಲು ಕಟ್ಟಿಸಲಿಲ್ಲ. ಜೆನಿಟಾ ಎಷ್ಟು ಹೇಳಿದರೂ, ಟೆಂಪರರಿ ಹಲ್ಲು ಬೇಡ ಎನ್ನುತ್ತಾನೆ. ಮಾತಾಡಿದರೆ ಸಣ್ಣ ಸಿಳ್ಳೆ ಬರುತ್ತದೆ. ಉಡುಪಿಯ ಕಚೇರಿಗಳಲ್ಲಿ ಆ ಸಿಳ್ಳೆ ಕೇಳಿದರೆ ಜನ ಈಗಲೂ ಹಿಂಬಾಗಿಲು ಹುಡುಕುತ್ತಾರೆ. ಅವನು ಮಾತ್ರ ಮೊದಲಿನ ಹಾಗೆ ಬೈಯುವುದಿಲ್ಲ. ಬೈಯುವ ಮುಂಚೆ ತನ್ನ ಹಳೆಯ ಕೆಲಸ ಒಮ್ಮೆ ತೆರೆದು ನೋಡುತ್ತಾನೆ. ಬಹಳ ಸಲ ಅಷ್ಟಕ್ಕೇ ಬೈಗುಳ ತಣ್ಣಗಾಗುತ್ತದೆ.

ಈ ಜನವರಿಯಲ್ಲಿ ಸಂಘದವರು ಅವನ ಫೋಟೋವನ್ನು ವೆಬ್‌ಸೈಟಿಗೆ ಹಾಕಿದರು, ಮತ್ತೊಂದು ಶಾಲಿನ ಜೊತೆ. ಫೋಟೋದಲ್ಲಿ ಅವನು ಬಾಯಿ ಭದ್ರವಾಗಿ ಮುಚ್ಚಿ ಗಂಭೀರವಾಗಿ ನಿಂತಿದ್ದಾನೆ. ಚಿತ್ರದ ಬೆನ್ನಿಗೆ ಬರೆಯುವ ವಾಕ್ಯವನ್ನು ತಾನೇ ಹೇಳುತ್ತೇನೆಂದು ಹೂವಪ್ಪ ಹಟ ಹಿಡಿದ. ಕಿಟ್ಟ ಟೈಪು ಮಾಡಿದ, ಹೊಸ ಅಕ್ಷರದಲ್ಲಿ. ಕಣ್ಣಿದ್ದವರಿಗೆ ಅದು ಕಾಣುವುದಿಲ್ಲ. ಕೇಳುವವರಿಗೆ ಯಂತ್ರ ಓದಿ ಹೇಳುತ್ತದೆ: "ಡೆರಿಕ್ ಮಥಾಯಸ್. ಹೆಗಲ ಮೇಲೆ ಕೆಂಪು ಶಾಲು. ಬಾಯಿ ಮುಚ್ಚಿದೆ. ತೆರೆದರೆ ಮೇಲಿನ ಒಂದು ಹಲ್ಲು ಇಲ್ಲ."

ಡೆರಿಕ್ ಅದನ್ನು ಎರಡು ಸಲ ಕೇಳಿದ. ಹೊಗಳಿಲ್ಲ, ಇದ್ದದ್ದು ಬರೆದಿದ್ದಾನೆ, ಮುಖ್ಯವಾದದ್ದನ್ನು ಬಿಟ್ಟಿಲ್ಲ. ತಿದ್ದಲು ಏನೂ ಸಿಗಲಿಲ್ಲ.